ಹೊರಮೈ ಇಲ್ಲದ ಕಟ್ಟಡ

ಲಂಡನ್ನಿನ ಎಲಿಜಬೆತ್ ಲೈನ್‌ನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣ. ಭಾನುವಾರ ಬೆಳಗಿನ ಹೊತ್ತು. ಕ್ಯಾಮೆರಾ ಹಿಡಿದವಳು ಲಂಡನ್ನಿನಲ್ಲಿ ನೆಲೆಸಿರುವ ಅಣ್ಣನ ಮಗಳು. ಜೊತೆಗಿರುವ ಚಿಕ್ಕಪ್ಪ ಶಿವಮೊಗ್ಗದಿಂದ ಬಂದ ನಿವೃತ್ತ ಎಂಜಿನಿಯರು. ಹರೆಯದಲ್ಲಿ ವಾರಾಹಿಯ ನೆಲದಡಿಯ ವಿದ್ಯುದಾಗಾರದಲ್ಲಿ ಕೆಲಸ ಮಾಡಿದವರು.

ಚಿಕ್ಕಪ್ಪ: ಬಹಳ ಹೊತ್ತಿನಿಂದ ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಇದ್ದೀಯ, ಗುಂಡಿ ಮಾತ್ರ ಒತ್ತಿಲ್ಲ. ಯಾರಿಗೋಸ್ಕರ ಕಾಯ್ತಾ ಇದ್ದೀಯಮ್ಮ?

ಮಗಳು: ಯಾರೂ ಇಲ್ಲದ ಗಳಿಗೆಗೆ, ಚಿಕ್ಕಪ್ಪ. ಈ ನಡುಹಾದಿ ನೋಡಿ. ಗೋಡೆ ಎಲ್ಲಿ ಮುಗಿದು ಚಾವಣಿ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗೋದೇ ಇಲ್ಲ. ಜನ ಅಡ್ಡ ಬಂದರೆ ಗೆರೆ ಕಡಿದುಹೋಗುತ್ತೆ. ಭಾನುವಾರ ಬೆಳಿಗ್ಗೆಯಾದರೆ ಒಂದು ರೈಲಿನ ಜನ ಹತ್ತಿಹೋಗಿ ಮತ್ತೊಂದು ಬರೋದರೊಳಗೆ ಕೆಲವು ಸೆಕೆಂಡು ಇಡೀ ಜಾಗ ಖಾಲಿ ಸಿಗುತ್ತೆ.

ಚಿಕ್ಕಪ್ಪ: ಸಿಕ್ಕಿದರೆ ಆ ಚಿತ್ರದಲ್ಲಿ ಏನಿರುತ್ತೆ?

ಮಗಳು: ಕಟ್ಟಡ ಇರುತ್ತೆ. 2024ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಸ್ಟರ್ಲಿಂಗ್ ಪ್ರಶಸ್ತಿಯನ್ನು ಈ ರೈಲು ಮಾರ್ಗಕ್ಕೆ ಕೊಟ್ಟಿತು. ಅಂಥ ಕೆಲಸವನ್ನು ಯಾವುದೂ ಮರೆಯಾಗದ ಹಾಗೆ, ಇಡಿಯಾಗಿ ಹಿಡಿಯಬೇಕು ಅಂತ ನನ್ನ ಆಸೆ.

ಚಿಕ್ಕಪ್ಪ: ಜನರನ್ನು ತೆಗೆದುಬಿಟ್ಟರೆ ಅದು ಇಡಿ ಹೇಗಾಗುತ್ತೆ? ಇಲ್ಲಿ ಬಾ, ಪ್ಲಾಟ್‌ಫಾರ್ಮಿನಿಂದ ಬರುವ ಅಡ್ಡಹಾದಿ ನಡುಹಾದಿಗೆ ಸೇರುವ ಈ ಜಾಗ ನೋಡು. ಇಲ್ಲಿ ಮೂಲೆಯೇ ಇಲ್ಲ. ಗೋಡೆ ನಿಧಾನಕ್ಕೆ ಬಾಗಿ ಹೊರಳಿಕೊಂಡಿದೆ. ಇದನ್ನು ಯಾಕೆ ಹೀಗೆ ಮಾಡಿದರು ಹೇಳು.

ಮಗಳು: ನೋಡೋದಕ್ಕೆ ಚೆಂದ ಅಂತ ಮಾತ್ರ ಇರಲಾರದು. ಆದರೆ ಕ್ಯಾಮೆರಾ ಹಿಡಿದಾಗ ಮೊದಲು ಕಾಣೋದು ಆ ಚೆಂದವೇ.

ಚಿಕ್ಕಪ್ಪ: ದಟ್ಟಣೆಯ ಹೊತ್ತಿನಲ್ಲಿ ಇಲ್ಲಿ ಒಂದು ದಿಕ್ಕಿಗೆ ಗಂಟೆಗೆ 24 ರೈಲು ಓಡಬಲ್ಲವು. ಒಂದು ರೈಲು 200 ಮೀಟರಿಗಿಂತ ಉದ್ದ, ಸುಮಾರು 1,500 ಜನ ಹಿಡಿಸುತ್ತಾರೆ. ಅದರಲ್ಲಿ ಒಂದು ಪಾಲು ಇಳಿದು ಈ ತಿರುವಿಗೆ ಬಂದರು ಅಂದುಕೋ. ನೇರ ಮೂಲೆ ಇದ್ದಿದ್ದರೆ ಆ ಕಡೆಯಿಂದ ಬರುವವರು ಈ ಕಡೆಯವರಿಗೆ ಕಾಣೋದಿಲ್ಲ. ಢಿಕ್ಕಿ ಆಗುತ್ತೆ, ಒಬ್ಬ ನಿಲ್ಲುತ್ತಾನೆ, ಅವನ ಹಿಂದೆ ಹತ್ತು ಜನ ನಿಲ್ಲುತ್ತಾರೆ. ಗೋಡೆ ಬಾಗಿದರೆ ಎದುರಿನವರು ಮೊದಲೇ ಕಣ್ಣಿಗೆ ಬೀಳ್ತಾರೆ, ಯಾರೂ ಹೇಳದೆ ಇಬ್ಬರೂ ಸರಿದುಕೊಳ್ತಾರೆ. ಆ ಬಾಗು ಏನು ಕೆಲಸ ಮಾಡುತ್ತೆ ಅಂತ ನಿನ್ನ ಖಾಲಿ ಚಿತ್ರದಲ್ಲಿ ತೋರಿಸೋಕಾಗುತ್ತಾ?

ಮಗಳು: ಖಾಲಿ ಚಿತ್ರ ಆಕಾರ ತೋರಿಸುತ್ತೆ, ಅಷ್ಟೇ. ಒಪ್ಪಿದೆ. ಆದರೆ ಆಕಾರ ಬಂದದ್ದು ಜನರಿಂದಲೇನಾ? ಕಟ್ಟುವ ವಿಧಾನದಿಂದಲೂ ಬಂದಿದೆ ಅಂತ ಓದಿದ್ದೆ.

ಚಿಕ್ಕಪ್ಪ: ಎರಡೂ ಸೇರಿ ಬಂದಿದೆ, ಇದರ ಸೊಗಸು ಅಲ್ಲೇ ಇರೋದು. ರೈಲು ಓಡುವ ಸುರಂಗವನ್ನು ಕೊರೆಯುವ ಯಂತ್ರ ಮಾಡುತ್ತೆ. ಅದು ಒಂದೇ ಅಳತೆಯ ದುಂಡು ಕೊಳವೆ ಬಿಟ್ಟು ಬೇರೇನನ್ನೂ ಮಾಡಲಾರದು. ನಿಲ್ದಾಣದಲ್ಲಿ ಕೊಳವೆ ಅಗಲವಾಗಬೇಕು, ಒಂದಕ್ಕೊಂದು ಸೇರಬೇಕು. ಅಂಥ ಕಡೆ ಸ್ವಲ್ಪ ಸ್ವಲ್ಪವೇ ಮಣ್ಣು ಅಗೆದು, ಕೂಡಲೇ ಅದರ ಮೈಗೆ ಕಾಂಕ್ರೀಟ್ ಸಿಂಪಡಿಸುತ್ತಾ ಹೋಗ್ತಾರೆ. ನಾವು ಅದಕ್ಕೆ ಶಾಟ್‌ಕ್ರೀಟ್ ಅಂತೀವಿ. ಹೊಸ ಗೋಡೆಗೆ ಗಾರೆಯವನು ಕರಣೆಯಿಂದ ಸಿಮೆಂಟು ಎರಚುವ ಹಾಗೆ, ಇಲ್ಲಿ ಯಂತ್ರ ಎರಚುತ್ತೆ. ಹಾಗೆ ಕಟ್ಟಿದ್ದಕ್ಕೆ ಚೂಪು ಮೂಲೆ ಒಗ್ಗೋದಿಲ್ಲ, ಬಾಗು ಒಗ್ಗುತ್ತೆ. ಮಣ್ಣಿನ ಭಾರ ಬಾಗಿದ ಮೈಮೇಲೆ ಹರಿದುಹೋಗುತ್ತೆ. ಮಣ್ಣಿಗೆ ಬೇಕಾದ ಆಕಾರವೂ ಜನಕ್ಕೆ ಬೇಕಾದ ಆಕಾರವೂ ಒಂದೇ ಆಗಿರೋದನ್ನು ಕಂಡು, ಒಳಗಿನ ಹೊದಿಕೆಯನ್ನೂ ಅದೇ ಬಾಗಿನಲ್ಲಿ ಮಾಡಿದ್ದಾರೆ.

ಮಗಳು: ಈ ಹೊದಿಕೆಯ ಹಲಗೆಗಳು ಗಾಜಿನ ಎಳೆ ಬೆರೆಸಿದ ಕಾಂಕ್ರೀಟಿನವು. ಹತ್ತಿರ ಬಂದು ನೋಡಿದರೆ ಸಣ್ಣ ಸಣ್ಣ ತೂತು ಕಾಣುತ್ತವೆ. ಆ ತೂತುಗಳ ಹಿಂದೆ ಸದ್ದು ಹೀರುವ ಪದರ ಇದೆ. ಲಂಡನ್ನಿನ ಹಳೆಯ ನೆಲದಡಿಯ ಟ್ಯೂಬ್ ರೈಲಿನ ನಿಲ್ದಾಣಗಳಲ್ಲಿ ಹೆಂಚಿನ ಗೋಡೆಗೆ ಸದ್ದು ಬಡಿದು ಬಡಿದು ಬರುತ್ತೆ, ಪಕ್ಕದವರ ಮಾತು ಕೇಳಿಸೋದಿಲ್ಲ. ಇಲ್ಲಿ ನಾವು ದನಿ ಏರಿಸದೆ ಮಾತಾಡ್ತಾ ಇದ್ದೀವಿ.

ಚಿಕ್ಕಪ್ಪ: ಸದ್ದಿನ ಜೊತೆ ಬೆಂಕಿಯ ಪ್ರಶ್ನೆಯೂ ಇದೆ. 1987ರ ನವೆಂಬರಿನಲ್ಲಿ ಈ ಊರಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರಿಗೆ ಬೆಂಕಿ ಹತ್ತಿ 31 ಜನ ಸತ್ತರು. ನೆಲದಡಿಯಲ್ಲಿ ಏನು ಬಳಸಬಹುದು, ಏನು ಬಳಸಬಾರದು ಅನ್ನುವ ನಿಯಮ ಆಮೇಲೆ ಬಹಳ ಬಿಗಿಯಾಯಿತು. ನೀನು ಸರಳ ಅಂತ ಮೆಚ್ಚುವ ಈ ತಿಳಿ ಬಣ್ಣದ ಮೈ ಉರಿಯುವಂಥದ್ದಲ್ಲ. ಇಲ್ಲಿ ಮರ ಯಾಕಿಲ್ಲ ಅನ್ನೋದಕ್ಕೆ ಆ 31 ಜನರ ಸಾವು ಒಂದು ಉತ್ತರ.

ಮಗಳು: ಫೋಟೋ ತೆಗೆಯುವವರಿಗೆ ಈ ತಿಳಿ ಬಣ್ಣವೇ ಕಷ್ಟ. ಕ್ಯಾಮೆರಾದ ಮೀಟರು ಎದುರಿಗಿರೋದನ್ನೆಲ್ಲ ನಡುಬೂದು ಅಂತ ಎಣಿಸಿ ಲೆಕ್ಕ ಹಾಕುತ್ತೆ. ಚೌಕಟ್ಟಿನ ತುಂಬ ತಿಳಿ ಗೋಡೆ ಇದ್ದರೆ ಚಿತ್ರ ಮಂಕಾಗಿ, ಕೊಳೆಯಾದ ಹಾಗೆ ಬರುತ್ತೆ. ಅದಕ್ಕೆ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಮೇಲಕ್ಕೆ ಏರಿಸಬೇಕು. ಇಲ್ಲಿ ಸ್ವಂತಕ್ಕೆ ಚಿತ್ರ ತೆಗೆಯೋಕೆ ಅಡ್ಡಿ ಇಲ್ಲ, ಆದರೆ ಟ್ರೈಪಾಡ್ ಇಡೋ ಹಾಗಿಲ್ಲ, ಫ್ಲ್ಯಾಶ್ ಹಾಕೋ ಹಾಗಿಲ್ಲ.

ಚಿಕ್ಕಪ್ಪ: ಸರಿಯಾದ ನಿಯಮವೇ. ಟ್ರೈಪಾಡಿನ ಕಾಲಿಗೆ ಯಾರಾದರೂ ಎಡವಿದರೆ? ಫ್ಲ್ಯಾಶ್ ಮಿಂಚಿದರೆ ಮಂದಿಗೆ ಕಣ್ಣು ಕತ್ತಲೆ. ಅದಿರಲಿ, ಫ್ಲ್ಯಾಶ್ ಹಾಕಿದರೆ ಈ ಜಾಗದ ಬೆಳಕೇ ಚಿತ್ರದಲ್ಲಿ ಉಳಿಯೋದಿಲ್ಲ ಅಲ್ವಾ?

ಮಗಳು: ಹೌದು. ಇಲ್ಲಿ ದೀಪ ನೇರವಾಗಿ ಕಣ್ಣಿಗೆ ಬೀಳೋದು ಕಡಿಮೆ. ನಡುಹಾದಿಯಲ್ಲಿ ನಿಂತಿರುವ ಈ ಎತ್ತರದ ಕಂಬಗಳನ್ನು ನೋಡಿ. ಇವುಗಳ ತಲೆಯಿಂದ ಬೆಳಕು ಮೇಲಕ್ಕೆ ಹೋಗಿ, ಚಾವಣಿಯ ಬಾಗಿಗೆ ತಾಗಿ, ಮೃದುವಾಗಿ ಕೆಳಕ್ಕೆ ಇಳಿಯುತ್ತೆ. ದಾರಿ ಹೇಳುವ ಫಲಕವೂ ಇದೇ ಕಂಬಗಳಲ್ಲಿದೆ. ಹಾಗಾಗಿ ಚಾವಣಿಯಲ್ಲಿ ಏನೂ ಜೋತು ಬಿದ್ದಿಲ್ಲ. ಓಡಾಡುವ ಜಾಗದಲ್ಲಿ ಬೆಳಕು ತಂಪಗಿದೆ, ರೈಲಿಗೆ ಕಾಯುವ ಪ್ಲಾಟ್‌ಫಾರ್ಮಿನಲ್ಲಿ ಕೊಂಚ ಬೆಚ್ಚಗಿದೆ. ಒಂದೇ ಚೌಕಟ್ಟಿನಲ್ಲಿ ಎರಡೂ ಬಂದರೆ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಕಂಪ್ಯೂಟರಿನಲ್ಲಿ ಕೂತು ಅದನ್ನು ಸಮ ಮಾಡಿಬಿಟ್ಟರೆ ಅವರು ಯೋಚಿಸಿ ಮಾಡಿದ್ದನ್ನು ಅಳಿಸಿದ ಹಾಗಾಗುತ್ತೆ.

ಚಿಕ್ಕಪ್ಪ: ಅವರು ಅಷ್ಟು ಯಾಕೆ ಯೋಚಿಸಿದರು ಅನ್ನೋದು ನನಗೆ ಮುಖ್ಯ. ವಾರಾಹಿಯಲ್ಲಿ ನಾವು ನೆಲದಡಿಗೆ ಇಳಿದಾಗ ನಮ್ಮಿಂದ ಕೆಲವು ಸಂಗತಿ ಮರೆಯಾಗುತ್ತಿದ್ದವು. ಹೊತ್ತು ಎಷ್ಟಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಯಾವ ಕಡೆ ಪೂರ್ವ ಅಂತ ತಿಳಿಯುತ್ತಿರಲಿಲ್ಲ. ಕಣ್ಣಿಗೆ ದೂರದ ನೋಟ ಇರುತ್ತಿರಲಿಲ್ಲ. ನಾವು ಕೆಲಸಗಾರರು, ಅದಕ್ಕೆ ಪಳಗಿದ್ದೆವು. ಮಗುವನ್ನು ಎತ್ತಿಕೊಂಡ ತಾಯಿ, ಊರಿಗೆ ಹೊಸಬ, ಕಣ್ಣು ಮಂದವಾದ ಮುದುಕ, ಇವರನ್ನೆಲ್ಲ ದಿನವೂ ನೆಲದಡಿಗೆ ಇಳಿಸುವವರು ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು: ಇವರಿಂದ ನಾವು ಆಕಾಶ ಕಿತ್ತುಕೊಳ್ತಾ ಇದ್ದೀವಿ. ಬೆಳಕು, ದಿಕ್ಕು, ದೂರ, ಊರಿನ ಗುರುತು, ಎಲ್ಲವನ್ನೂ ಕಿತ್ತುಕೊಳ್ತಾ ಇದ್ದೀವಿ. ಅಷ್ಟನ್ನೂ ಹಿಂದಿರುಗಿಸುವ ಸಾಲ ಕಟ್ಟುವವರ ಮೇಲಿದೆ. ನೆಲದಡಿಯಲ್ಲಿ ಚೆಂದ ಅನ್ನೋದು ಆ ಸಾಲದ ಮರುಪಾವತಿ.

ಮಗಳು: ಹಾಗಾದರೆ ಫೋಟೋ ತೆಗೆಯುವ ನಾನು ಆ ಸಾಲ ತೀರಿದೆಯಾ ಅಂತ ನೋಡಬೇಕು.

ಚಿಕ್ಕಪ್ಪ: ನಿನ್ನ ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚೋದಿಲ್ಲ.

ಮಗಳು: ಇನ್ನೊಂದು ವಿಷಯ ಇದೆ. ಮೇಲಿನ ಕಟ್ಟಡವನ್ನು ರಸ್ತೆಯ ಆಚೆ ನಿಂತು ತೆಗೆಯಬಹುದು. ನೆಲದಡಿಯ ನಿಲ್ದಾಣಕ್ಕೆ ಹೊರಮೈಯೇ ಇಲ್ಲ. ಹೊರಗೆ ಮಣ್ಣು ಬಿಟ್ಟು ಬೇರೇನಿಲ್ಲ. ಅದನ್ನು ಇಡಿಯಾಗಿ ದೂರದಿಂದ ಯಾರೂ ಎಂದೂ ನೋಡಲಾರರು, ಕಟ್ಟಿದವರು ಕೂಡ. ನಡೆದು ನಡೆದೇ ತಿಳಿಯಬೇಕು. ಆದ್ದರಿಂದ ಒಂದೇ ಚಿತ್ರದಲ್ಲಿ ಹಿಡಿಯಬೇಕು ಅನ್ನುವ ಹಟ ಇಲ್ಲಿ ನಡೆಯೋದಿಲ್ಲ. ಬೀದಿಯಿಂದ ಇಳಿದು, ತಿರುಗಿ, ಕಾದು, ಹತ್ತುವ ತನಕ ನಡಿಗೆಯ ಕ್ರಮದಲ್ಲೇ ಚಿತ್ರಗಳು ಸಾಲಾಗಿ ಬರಬೇಕು.

ಚಿಕ್ಕಪ್ಪ: ಹಾಗಿದ್ದರೆ ಈ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯೋಣ.

ಮಗಳು: ಇದರ ಒಂದು ತುದಿಯಲ್ಲಿ ಹತ್ತಿದರೆ ಲಿವರ್‌ಪೂಲ್ ಸ್ಟ್ರೀಟ್, ಇನ್ನೊಂದು ತುದಿಯಲ್ಲಿ ಹತ್ತಿದರೆ ಮೂರ್‌ಗೇಟ್. ಹಳೆಯ ಮಾರ್ಗದಲ್ಲಿ ಅವೆರಡೂ ಬೇರೆ ಬೇರೆ ನಿಲ್ದಾಣ. ರೈಲು ಅಷ್ಟು ಉದ್ದ ಇರೋದರಿಂದ ಒಂದೇ ಪ್ಲಾಟ್‌ಫಾರ್ಮ್ ಎರಡನ್ನೂ ಮುಟ್ಟುತ್ತೆ. ನೀವು ಹೇಳಿದ ದೂರದ ನೋಟ ಇಲ್ಲಿದೆ. ನೆಲದಡಿಯಲ್ಲಿ ಇನ್ನೂರು ಮೀಟರಿನಾಚೆ ಇರುವ ಮನುಷ್ಯ ಕಣ್ಣಿಗೆ ಕಾಣ್ತಾನೆ. ಈ ದೂರವನ್ನು ಚಿತ್ರದಲ್ಲಿ ತೋರಿಸಬೇಕಾದರೆ ಅಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಅವನಿಲ್ಲದಿದ್ದರೆ ಇದು ಐವತ್ತು ಮೀಟರೋ ಐನೂರು ಮೀಟರೋ ಯಾರಿಗೂ ಗೊತ್ತಾಗೋದಿಲ್ಲ.

ಚಿಕ್ಕಪ್ಪ: ಈಗ ಹಳಿಯ ಕಡೆ ನೋಡು. ಹಳಿಯೇ ಕಾಣೋದಿಲ್ಲ. ಪ್ಲಾಟ್‌ಫಾರ್ಮಿನ ಅಂಚಿನುದ್ದಕ್ಕೂ ಆಳೆತ್ತರ ಮೀರಿದ ಗಾಜಿನ ಗೋಡೆ. ರೈಲು ಬಂದು ಸರಿಯಾದ ಜಾಗದಲ್ಲಿ ನಿಂತ ಮೇಲೆ ಎರಡೂ ಕಡೆಯ ಬಾಗಿಲು ಒಟ್ಟಿಗೆ ತೆರೆಯುತ್ತವೆ. ಯಾರೂ ಹಳಿಗೆ ಬೀಳಲಾರರು. ಸುರಂಗದ ಗಾಳಿ, ಸದ್ದು ಈ ಕಡೆ ನುಗ್ಗೋದು ಕಡಿಮೆ.

ಮಗಳು: ಕಾಯುವವರ ಬಿಂಬವೂ ಆ ಗಾಜಿನಲ್ಲಿ ಕಾಣುತ್ತೆ. ಬಿಂಬ ಸಿಕ್ಕಿದರೆ ಯಾರ ಮುಖವನ್ನೂ ನೇರ ಹಿಡಿಯದೆ ಕಾಯುವಿಕೆಯನ್ನು ತೋರಿಸಬಹುದು. ಪರಿಚಯವಿಲ್ಲದವರ ಮುಖವನ್ನು ಹತ್ತಿರದಿಂದ ಹಿಡಿಯೋದು ನನಗೆ ಸರಿಬರೋದಿಲ್ಲ. ಅವರು ಇಲ್ಲಿಗೆ ಬಂದದ್ದು ರೈಲಿಗೆ, ನನ್ನ ಚಿತ್ರಕ್ಕೆ ಅಲ್ಲ. ಶಟರನ್ನು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಸಿ, ಬೆನ್ನನ್ನು ಗೋಡೆಗೆ ಒರಗಿಸಿ, ಉಸಿರು ಹಿಡಿದು ಒತ್ತಿದರೆ ಗೋಡೆ ಸ್ಥಿರವಾಗಿ ನಿಲ್ಲುತ್ತೆ, ನಡೆಯುವವರು ಚಲನೆಯಾಗಿ ಉಳಿಯುತ್ತಾರೆ. ಯಾರು ಅಂತ ಗುರುತು ಸಿಗೋದಿಲ್ಲ, ಯಾವ ಕಡೆಗೆ ಹೋಗ್ತಾ ಇದ್ದಾರೆ ಅಂತ ಗೊತ್ತಾಗುತ್ತೆ.

ಚಿಕ್ಕಪ್ಪ: ಬಾಗಿದ ಗೋಡೆ ಮಾಡುವ ಕೆಲಸ ಅಂಥ ಚಿತ್ರದಲ್ಲಿ ಕಂಡೇ ಕಾಣುತ್ತೆ.

(ಪಡುವಣ ದಿಕ್ಕಿನ ರೈಲು ಹತ್ತಿ ಇಬ್ಬರೂ ಫ್ಯಾರಿಂಗ್ಡನ್‌ನಲ್ಲಿ ಇಳಿದರು.)

ಮಗಳು: ಒಂದು ತಕರಾರು ಇದೆ ಚಿಕ್ಕಪ್ಪ. ಈಗ ಇಳಿದ ಈ ಪ್ಲಾಟ್‌ಫಾರ್ಮ್ ನೋಡಿ. ಅದೇ ಹಲಗೆ, ಅದೇ ಗಾಜು, ಅದೇ ಬೆಂಚು. ಹೆಸರಿನ ಫಲಕ ತೆಗೆದರೆ ಯಾವ ನಿಲ್ದಾಣ ಅಂತ ಹೇಳೋಕಾಗೋದಿಲ್ಲ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಲೆಸ್ಲಿ ಗ್ರೀನ್ ಅನ್ನುವ ವಾಸ್ತುಶಿಲ್ಪಿ ಇಲ್ಲಿನ ಹಲವು ಟ್ಯೂಬ್ ನಿಲ್ದಾಣ ಕಟ್ಟಿದ. ಪ್ಲಾಟ್‌ಫಾರ್ಮಿನ ಹೆಂಚಿಗೆ ಪ್ರತಿ ನಿಲ್ದಾಣದಲ್ಲೂ ಬೇರೆ ಬಣ್ಣ, ಬೇರೆ ವಿನ್ಯಾಸ ಕೊಟ್ಟ. ಕಿಟಕಿಯಿಂದ ಬಣ್ಣ ನೋಡಿದರೆ ಸಾಕು, ದಿನವೂ ಓಡಾಡುವವರಿಗೆ ತಮ್ಮ ನಿಲ್ದಾಣ ಬಂತು ಅಂತ ತಿಳಿಯುತ್ತೆ. ಊರಿನ ಗುರುತು ಹಿಂದಿರುಗಿಸಬೇಕು ಅಂತ ಈಗ ತಾನೇ ಹೇಳಿದಿರಿ. ಇಲ್ಲಿ ಅದನ್ನು ಹಿಂದಿರುಗಿಸಿಲ್ಲವಲ್ಲ?

ಚಿಕ್ಕಪ್ಪ: ನ್ಯಾಯವಾದ ಪ್ರಶ್ನೆ. ಎಂಜಿನಿಯರಾಗಿ ನಾನು ಹೇಳೋದು ಇಷ್ಟು. ಒಂದೇ ಬಗೆಯ ಹಲಗೆಯಾದರೆ ಅಚ್ಚು ಕಡಿಮೆ ಸಾಕು, ಒಂದು ಒಡೆದರೆ ಬದಲಿ ಸುಲಭ. ಕೆಳಗೆ ಎಲ್ಲ ಕಡೆ ಒಂದೇ ವ್ಯವಸ್ಥೆ ಇದ್ದರೆ ಊರಿಗೆ ಹೊಸಬ ಒಂದು ನಿಲ್ದಾಣ ಕಲಿತರೆ ಎಲ್ಲವನ್ನೂ ಕಲಿತ ಹಾಗೆ. ಹಾಗಿದ್ದರೂ ನಿನ್ನ ಮಾತು ಬಿದ್ದುಹೋಗೋದಿಲ್ಲ. ಮೇಲಕ್ಕೆ ಹೋಗಿ ನೋಡೋಣ.

ಮಗಳು: ಈ ಮಾರ್ಗದ ಸೂತ್ರವೇ ಅದು. ಪ್ಲಾಟ್‌ಫಾರ್ಮಿನ ಮಟ್ಟವನ್ನು ಗ್ರಿಮ್‌ಶಾ ಅನ್ನುವ ವಾಸ್ತುಶಿಲ್ಪ ಸಂಸ್ಥೆಯವರು ಮತ್ತು ಅವರ ಜೊತೆಗಾರರು ಎಲ್ಲ ಕಡೆ ಒಂದೇ ಥರ ರೂಪಿಸಿದರು. ಮೇಲಿನ ಟಿಕೆಟ್ ಹಾಲ್‌ಗಳನ್ನು ನಿಲ್ದಾಣಕ್ಕೊಬ್ಬರಂತೆ ಬೇರೆ ಬೇರೆ ವಾಸ್ತುಶಿಲ್ಪಿಗಳಿಗೆ ಕೊಟ್ಟರು. ಏರುತ್ತಾ ಹೋದ ಹಾಗೆ ಆ ಬಡಾವಣೆ ಎದುರಾಗಬೇಕು ಅಂತ. ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಮೇಲಿನ ಬೀದಿಗೂ ಕೆಳಗಿನ ಹಾಲ್‌ಗೂ ನಡುವೆ ಜಾಗ ಕಡಿಮೆ ಇತ್ತು, ಚಾವಣಿ ತಗ್ಗಾಗಲೇಬೇಕಿತ್ತು. ಅಲ್ಲಿ ಕಾಂಕ್ರೀಟನ್ನು ನೆರಿಗೆ ನೆರಿಗೆಯಾಗಿ ಮಡಚಿದರು. ಆ ಮಡಿಕೆಗಳ ಮೇಲೆ ಬೆಳಕು ಆಡುವಾಗ ತಗ್ಗು ಚಾವಣಿಯೂ ಎತ್ತರವಾಗಿ ಕಾಣುತ್ತೆ. ಈಗ ಇಲ್ಲಿ ತಲೆ ಎತ್ತಿ ನೋಡಿ.

ಚಿಕ್ಕಪ್ಪ: ವಜ್ರಾಕಾರದ ಮನೆಗಳು! ಕಾಂಕ್ರೀಟಿನಲ್ಲೇ ಎರಕ ಹೊಯ್ದದ್ದು. ಅಂಚು ಎಷ್ಟು ನಿಖರವಾಗಿದೆ ನೋಡು.

ಮಗಳು: ಪಕ್ಕದ ಹ್ಯಾಟನ್ ಗಾರ್ಡನ್ ವಜ್ರದ ವ್ಯಾಪಾರಿಗಳ, ಚಿನಿವಾರರ ಬೀದಿ. ಈ ಚಾವಣಿ ಆ ಕಸುಬಿನವರಿಗೆ ಸಂದ ಗೌರವ. ಇಲ್ಲಿ ನಾನು ಕ್ಯಾಮೆರಾವನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿ ಚಾವಣಿಯನ್ನಷ್ಟೇ ಹಿಡಿದರೆ ಅದು ಬರೀ ರಂಗೋಲಿ ಆಗುತ್ತೆ. ಎಸ್ಕಲೇಟರಿನ ಮಧ್ಯದಿಂದ ತೆಗೆದರೆ ಕೆಳಗಿನ ನುಣುಪು ಬಾಗು ಮುಗಿದು ಮೇಲಿನ ವಜ್ರದ ಮನೆಗಳು ಶುರುವಾಗೋದು ಒಟ್ಟಿಗೆ ಕಾಣುತ್ತೆ. ಎಲ್ಲರ ಮಾರ್ಗದಿಂದ ಈ ಬಡಾವಣೆಯೊಳಕ್ಕೆ ದಾಟುವ ಗಳಿಗೆ ಅದು. ಆದರೂ ಪ್ಲಾಟ್‌ಫಾರ್ಮಿನಲ್ಲೇ ಒಂದು ಗುರುತು ಇದ್ದಿದ್ದರೆ ಚೆನ್ನಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಇಳಿಯಬೇಕಾದವನಿಗೆ ಗುರುತು ಬೇಕಾಗೋದು ಅಲ್ಲಿ.

ಚಿಕ್ಕಪ್ಪ: ಆ ಮಾತನ್ನು ಬಿಡಬೇಡ, ಕಟ್ಟುವವರಿಗೆ ಮುಟ್ಟಬೇಕಾದ ಮಾತು. ಫ್ಯಾರಿಂಗ್ಡನ್ ಅಂದಾಗ ನನಗೆ ಬೇರೆಯೇ ಒಂದು ನೆನಪಾಗುತ್ತೆ. ಜಗತ್ತಿನ ಮೊದಲ ನೆಲದಡಿಯ ರೈಲು 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಹೊರಟು ಮುಗಿದದ್ದು ಇದೇ ಫ್ಯಾರಿಂಗ್ಡನ್‌ನಲ್ಲಿ. ಉಗಿಬಂಡಿ! ಸುರಂಗದ ತುಂಬ ಹೊಗೆ. ಆದರೂ ಜನ ಮುಗಿಬಿದ್ದು ಹತ್ತಿದರು. 2015ರಲ್ಲಿ ಎಲಿಜಬೆತ್ ಲೈನ್‌ನ ಕೊರೆಯುವ ಯಂತ್ರ ತನ್ನ ಕೊನೆಯ ಕೊರೆತ ಮುಗಿಸಿದ್ದೂ ಇಲ್ಲೇ.

ಮಗಳು: ಒಟ್ಟು ಎಂಟು ಯಂತ್ರ. ಎಲ್ಲಕ್ಕೂ ಹೆಣ್ಣಿನ ಹೆಸರು. ಅವುಗಳಲ್ಲಿ ಏಡಾ ಗಣಿತಜ್ಞೆ ಏಡಾ ಲವ್‌ಲೇಸ್. ಫಿಲಿಸ್ ಅಂದರೆ ಲಂಡನ್ನಿನ ಬೀದಿ ಬೀದಿಯ ನಕ್ಷೆ ಪುಸ್ತಕ ತಂದ ಫಿಲಿಸ್ ಪಿಯರ್‌ಸಾಲ್. ಮೇರಿ ಮತ್ತು ಸೋಫಿಯಾ ಎಂಜಿನಿಯರುಗಳಾದ ಬ್ರುನೆಲ್ ಅಪ್ಪ ಮಗನ ಹೆಂಡತಿಯರು.

ಚಿಕ್ಕಪ್ಪ: ಅಪ್ಪ ಬ್ರುನೆಲ್ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡಿಸಿದವನು. 1825ರಲ್ಲಿ ಶುರು, 1843ರಲ್ಲಿ ಮುಗಿಯಿತು. ಅಗೆಯುವವರ ತಲೆಯ ಮೇಲೆ ಮಣ್ಣು ಕುಸಿಯದ ಹಾಗೆ ಕಬ್ಬಿಣದ ಚೌಕಟ್ಟು ಹಿಡಿದು ಮುಂದಕ್ಕೆ ತಳ್ಳಿಕೊಂಡು ಹೋಗುವ ಉಪಾಯ ಅವನದು. ಈ ಯಂತ್ರಗಳೆಲ್ಲ ಆ ಉಪಾಯದ ಮರಿಮಕ್ಕಳು. ಒಂದೊಂದೂ ಸುಮಾರು 1,000 ಟನ್. ಎಂಟೂ ಸೇರಿ 42 ಕಿ.ಮೀ. ಹೊಸ ಸುರಂಗ ಕೊರೆದವು. ಲಂಡನ್ನಿನ ಕೆಳಗಿರೋದು ಬಿಗಿಯಾದ ಜೇಡಿಮಣ್ಣು. ನೀರು ಸುಲಭಕ್ಕೆ ಬಿಡೋದಿಲ್ಲ, ಕೊರೆಯೋಕೆ ಹದವಾಗಿದೆ. ಆದರೆ ವಾರಾಹಿಯ ಬಂಡೆ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುವ ಹಾಗೆ ಈ ಮಣ್ಣು ಬಹಳ ಹೊತ್ತು ನಿಲ್ಲೋದಿಲ್ಲ. ಸ್ವಲ್ಪ ಸಡಿಲ ಬಿಟ್ಟರೂ ಮೇಲಿನ ಕಟ್ಟಡ ಕೂರುತ್ತೆ. ಅದಕ್ಕೇ ಮೇಲಿನ ಮನೆಗಳಿಗೆ ಅಳತೆಯ ಸಾಧನ ಕೂರಿಸಿ, ನೆಲ ಕೂರುತ್ತಿದೆ ಅನ್ನಿಸಿದ ಕಡೆ ಸಿಮೆಂಟಿನ ಹಾಲು ಒತ್ತಿ ತುಂಬುತ್ತಾ ಬಂದರು.

ಮಗಳು: ಅಗೆದ ಮಣ್ಣು ಕೂಡ ವ್ಯರ್ಥವಾಗಲಿಲ್ಲ. 30 ಲಕ್ಷ ಟನ್ನಿಗೂ ಹೆಚ್ಚು ಮಣ್ಣನ್ನು ಎಸೆಕ್ಸ್ ಕರಾವಳಿಯ ವಾಲೇಸಿ ದ್ವೀಪಕ್ಕೆ ಸಾಗಿಸಿ ಹಕ್ಕಿಗಳಿಗೆ ಜೌಗು ನೆಲ ಮಾಡಿದ್ದಾರೆ. ಮಣ್ಣಿಗಿಂತ ಮೊದಲು ಸಿಕ್ಕಿದವರೂ ಇದ್ದರು. ಲಿವರ್‌ಪೂಲ್ ಸ್ಟ್ರೀಟ್‌ನ ಟಿಕೆಟ್ ಹಾಲ್ ಇರುವ ಜಾಗದಲ್ಲಿ 1569ರಲ್ಲಿ ಶುರುವಾದ ಬೆಡ್ಲಂ ಸ್ಮಶಾನ ಇತ್ತು. ಪುರಾತತ್ವದವರು 3,000ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಕೈಯಿಂದ ಬಿಡಿಸಿ ತೆಗೆದರು. ಅವುಗಳಲ್ಲಿ ಕೆಲವರ ಹಲ್ಲಿನಲ್ಲಿ 1665ರ ಮಹಾಮಾರಿ ಪ್ಲೇಗಿನ ರೋಗಾಣುವಿನ ಕುರುಹು ಸಿಕ್ಕಿತು. ಆಮೇಲೆ ಬೇರೆ ಕಡೆ ಅವರನ್ನು ಗೌರವದಿಂದ ಮತ್ತೆ ಹೂಳಿದರು. ಅಲ್ಲಿ ಫೋಟೋ ತೆಗೆಯುವಾಗ ಇದು ಮನಸ್ಸಿನಲ್ಲಿರುತ್ತೆ.

ಚಿಕ್ಕಪ್ಪ: ಇದಕ್ಕೆಲ್ಲ ಆದ ಖರ್ಚು ಸುಮಾರು 1,890 ಕೋಟಿ ಪೌಂಡ್. 2018ರ ಡಿಸೆಂಬರಿಗೆ ಅಂದದ್ದು 2022ರ ಮೇ 24ಕ್ಕೆ ತೆರೆಯಿತು. ಸಿಗ್ನಲ್ ವ್ಯವಸ್ಥೆಗಳನ್ನು ಒಂದಕ್ಕೊಂದು ಹೊಂದಿಸೋದು, ನಿಲ್ದಾಣಗಳ ಒಳಗಿನ ಕೆಲಸ ಮುಗಿಸೋದು, ಎರಡೂ ಎಣಿಸಿದ್ದಕ್ಕಿಂತ ಕಷ್ಟವಾದವು. ಇಷ್ಟು ಹಣ ಸುರಿದು ಚೆಂದದ ಚಾವಣಿ ಬೇಕಿತ್ತಾ ಅಂತ ಕೇಳುವವರು ಯಾವ ದೇಶದಲ್ಲೂ ಇರುತ್ತಾರೆ.

ಮಗಳು: ನೀವು ಏನು ಹೇಳ್ತೀರಿ?

ಚಿಕ್ಕಪ್ಪ: ಹೊದಿಕೆಯ ಹಲಗೆ ಹೇಗೂ ಬೇಕು; ಅದು ಬಾಗಿರಬೇಕಾ, ಚೂಪು ಮೂಲೆಯದಾಗಿರಬೇಕಾ ಅನ್ನೋದಷ್ಟೇ ಪ್ರಶ್ನೆ. ದೀಪ ಹೇಗೂ ಬೇಕು. ಅದು ಕಣ್ಣಿಗೆ ಚುಚ್ಚಬೇಕಾ, ಚಾವಣಿಯಿಂದ ಇಳಿಯಬೇಕಾ ಅನ್ನೋದು ಪ್ರಶ್ನೆ. ಚೆಂದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಹೇಗಿದ್ದರೂ ಕೊಳ್ಳಲೇಬೇಕಾದದ್ದು. ಅದರ ಮೇಲೆ ಬೇಕಾಗೋದು ಯೋಚನೆ, ಮತ್ತೆ ಯೋಚಿಸುವವರಿಗೆ ಮೊದಲಿನಿಂದಲೇ ಜಾಗ. ಕಟ್ಟಡ ಮುಗಿದ ಮೇಲೆ ವಾಸ್ತುಶಿಲ್ಪಿಯನ್ನು ಕರೆದು ಗೋಡೆಗೆ ಬಣ್ಣ ಹೇಳಿ ಅಂದರೆ ಏನೂ ಆಗೋದಿಲ್ಲ.

(ಪ್ಯಾಡಿಂಗ್ಟನ್. ಎಸ್ಕಲೇಟರಿನಿಂದ ಮೇಲೆ ಬರುತ್ತಾ.)

ಚಿಕ್ಕಪ್ಪ: ಇದೇನು, ಹಗಲಿನ ಬೆಳಕು! ಇಷ್ಟು ಆಳದಲ್ಲಿ?

ಮಗಳು: ಇದನ್ನು ಕೊನೆಗೆ ಅಂತಲೇ ಇಟ್ಟಿದ್ದೆ. ನಾವು ನೋಡಿಬಂದ ಎರಡು ಕಡೆ ಬೀದಿಯ ಮೇಲೆ ಕಟ್ಟಡ ಇತ್ತು, ಕೊಳವೆಯಾಗಿ ಕೊರೆದರು. ಇಲ್ಲಿ ಬೀದಿಯನ್ನೇ ತೆರೆದು ಪೆಟ್ಟಿಗೆಯ ಹಾಗೆ ಅಗೆದು ಕಟ್ಟಿದರು. ಮೇಲೆ 120 ಮೀಟರ್ ಉದ್ದದ ಗಾಜಿನ ಮಾಡು. ಸ್ಪೆನ್ಸರ್ ಫಿಂಚ್ ಅನ್ನುವ ಕಲಾವಿದ ಮೋಡಗಳ ಚಿತ್ರ ಬರೆದು ಆ ಗಾಜಿನ ಮೇಲೆ ಮುದ್ರಿಸಿದ್ದಾನೆ. ಬಿಸಿಲಿದ್ದರೆ ಚಿತ್ರದ ಮೋಡ ಒಂದು ಥರ ಕಾಣುತ್ತೆ, ಮೋಡ ಕವಿದಿದ್ದರೆ ಇನ್ನೊಂದು ಥರ. ಮೋಡಗಳಿಗೆ ಇವತ್ತಿಗೂ ಬಳಸುವ ಹೆಸರು ಕೊಟ್ಟ ಲ್ಯೂಕ್ ಹೋವರ್ಡ್ ಇದೇ ಊರಿನವನು.

ಚಿಕ್ಕಪ್ಪ: ನೆಲದಡಿಗೆ ಇಳಿದವನಿಗೆ ಹೊತ್ತು, ಹವೆ ಎರಡೂ ಇಲ್ಲಿ ಮರಳಿ ಸಿಕ್ಕಿತು. ಅಲ್ಲಿ ನೋಡು, ಆ ಲಿಫ್ಟಿನಿಂದ ಗಾಲಿಕುರ್ಚಿಯಲ್ಲಿ ಒಬ್ಬರು ಹೊರಗೆ ಬಂದರು. ಯಾರ ಸಹಾಯವನ್ನೂ ಕೇಳಲಿಲ್ಲ.

ಮಗಳು: ಈ ಮಾರ್ಗದ 41 ನಿಲ್ದಾಣಗಳಲ್ಲೂ ಬೀದಿಯಿಂದ ಪ್ಲಾಟ್‌ಫಾರ್ಮಿನ ತನಕ ಮೆಟ್ಟಿಲೇ ಇಲ್ಲದ ದಾರಿ ಇದೆ. ನಾವು ಈಗ ನೋಡಿಬಂದ ಲಿವರ್‌ಪೂಲ್ ಸ್ಟ್ರೀಟ್, ಫ್ಯಾರಿಂಗ್ಡನ್ ಎರಡರಲ್ಲೂ ಎಸ್ಕಲೇಟರಿನ ಪಕ್ಕದಲ್ಲೇ ಓರೆಯಾಗಿ ಏರುವ ಲಿಫ್ಟ್ ಇದೆ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಬೇರೆ ಯಾವುದೋ ಮೂಲೆಗೆ ಹೋಗದೆ, ಜೊತೆಗೆ ಬಂದವರ ಪಕ್ಕದಲ್ಲೇ ಮೇಲೆ ಬರ್ತಾರೆ. ಪ್ರಶಸ್ತಿ ಬಂದ ಚಾವಣಿಗಿಂತ ನಾನು ಮೊದಲು ತೋರಿಸಬೇಕಾದದ್ದು ಇದು ಅಂತ ಈಗ ಅನ್ನಿಸ್ತಾ ಇದೆ. ಸಾಲ ತೀರಿದ್ದಕ್ಕೆ ಇದಕ್ಕಿಂತ ದೊಡ್ಡ ರಸೀದಿ ಇಲ್ಲ.

ಚಿಕ್ಕಪ್ಪ: ಈ ಕಣ್ಣನ್ನು ಬೆಂಗಳೂರಿಗೂ ತಗೊಂಡು ಬಾ. 2016ರ ಏಪ್ರಿಲಿನಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ದಾಟಿ ಮಾಗಡಿ ರಸ್ತೆಯ ಕಡೆಗೆ ನೆಲದಡಿಯಲ್ಲಿ ಮೆಟ್ರೊ ರೈಲು ಓಡಿದಾಗ ದಕ್ಷಿಣ ಭಾರತಕ್ಕೆ ಅದೇ ಮೊದಲು. ಈಗ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ಸುಮಾರು 14 ಕಿ.ಮೀ. ನೆಲದಡಿಯ ದಾರಿ, 12 ನಿಲ್ದಾಣ. ಕೊರೆದ ಯಂತ್ರಗಳಲ್ಲಿ ತುಂಗಾ, ಭದ್ರಾ, ವರದಾ ಇದ್ದವು. ಲಂಡನ್ನಿನ ಜೇಡಿಯ ಹಾಗಲ್ಲ ನಮ್ಮ ನೆಲ. ಒಂದು ಮಾರು ಗಟ್ಟಿ ಬಂಡೆ, ಮುಂದೆ ಸಡಿಲ ಮಣ್ಣು, ಅದರೊಳಗೆ ಮತ್ತೆ ಗುಂಡು. ಯಂತ್ರದ ಹಲ್ಲು ಸವೆದು ಸವೆದು ಬದಲಾಯಿಸಬೇಕು. ಅಂಥ ನೆಲವನ್ನು ಗೆದ್ದ ಎಂಜಿನಿಯರುಗಳು, ಕಾರ್ಮಿಕರು ನಮ್ಮಲ್ಲಿದ್ದಾರೆ. ಕೊರೆಯೋದು ನಮಗೆ ಬರುತ್ತೆ ಅಂತ ತೋರಿಸಿ ಆಯಿತು. ಕಟ್ಟಿದ್ದರ ಬಗ್ಗೆ ಪ್ರಶ್ನೆ ಕೇಳುವ ಅಭ್ಯಾಸ ಇನ್ನು ಪ್ರಯಾಣಿಕರಾದ ನಮಗೆ ಬರಬೇಕು.

ಮಗಳು: ಶಿವಾಜಿನಗರಕ್ಕೋ ಎಂ.ಜಿ. ರಸ್ತೆಗೋ ಹೋದರೆ ನಾನು ಕೇಳುವ ಪ್ರಶ್ನೆ ಇವು. ಫಲಕ ಓದೋ ಮೊದಲೇ ಹೊರದಾರಿ ಕಣ್ಣಿಗೆ ಬೀಳುತ್ತಾ? ಧ್ವನಿವರ್ಧಕದ ಮಾತು ಪದ ಪದ ತಿಳಿಯುತ್ತಾ? ತಿರುವಿನಲ್ಲಿ ಎದುರಿನವರು ಕಾಣ್ತಾರಾ? ಹಗಲ ಬೆಳಕು ಎಲ್ಲಿಯ ತನಕ ಇಳಿಯುತ್ತೆ? ಮಂಡಿನೋವಿರುವ ನಮ್ಮಜ್ಜಿ ಯಾರ ಕೈಯನ್ನೂ ಹಿಡಿಯದೆ ರೈಲಿನ ಬಾಗಿಲ ತನಕ ಹೋಗಬಲ್ಲರಾ? ಮೇಲಕ್ಕೆ ಬರುವಾಗ ಇದು ಯಾವ ಪೇಟೆ ಅಂತ ನಿಲ್ದಾಣವೇ ಹೇಳುತ್ತಾ?

ಚಿಕ್ಕಪ್ಪ: ಒಂದೊಂದು ಪ್ರಶ್ನೆಗೂ ಒಂದೊಂದು ಚಿತ್ರ ತೆಗಿ. ಉತ್ತರ ಹೌದು ಅಂತ ಬಂದ ಕಡೆ ಕಟ್ಟಿದವರ ಹೆಸರು ಹುಡುಕಿ ಅಡಿಯಲ್ಲಿ ಬರೆ, ಅವರಿಗೆ ಅದು ಸಲ್ಲಬೇಕು. ಇಲ್ಲ ಅಂತ ಬಂದ ಕಡೆ ಜನ ಎಲ್ಲಿ ನಿಂತರು, ಎಲ್ಲಿ ತಡವರಿಸಿದರು ಅಂತ ತೋರಿಸು. ಬೈಗುಳ ಬೇಡ, ಚಿತ್ರ ಸಾಕು. ಮುಂದಿನ ನಿಲ್ದಾಣದ ನಕ್ಷೆ ಬರೆಯುವವರು ಅದನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಬಹುದು.

ಮಗಳು: ಆ ಚಿತ್ರಗಳನ್ನು ದಟ್ಟಣೆಯ ಹೊತ್ತಿನಲ್ಲೇ ತೆಗೆಯಬೇಕು, ಅಲ್ವಾ ಚಿಕ್ಕಪ್ಪ? ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರೂ ಕೆಲಸಕ್ಕೆ ಓಡುವಾಗ. ಒಂದು ನಿಲ್ದಾಣ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋದು ಆಗಲೇ.